ಬುಖಾರಾದ ಮಾರುಕಟ್ಟೆ ಗುಮ್ಮಟಗಳು ಮತ್ತು ಅವುಗಳ ಸುತ್ತಲಿನ ಸ್ಮಾರಕಗಳು: ಅಧ್ಯಯನ ಟಿಪ್ಪಣಿ

ಮಧ್ಯ ಏಷ್ಯಾದ ವಾಸ್ತುಶಿಲ್ಪವನ್ನು ಓದಲು ಕುಳಿತವರಿಗೆ ಸಮರ್‌ಖಂಡದ ನೀಲಿ ಗುಮ್ಮಟಗಳೇ ಮೊದಲು ಎದುರಾಗುತ್ತವೆ. ಬುಖಾರಾಕ್ಕೆ ಬರುವ ಹೊತ್ತಿಗೆ ಮಸೀದಿ, ಮದರಸಾ, ಮಿನಾರುಗಳ ಪಟ್ಟಿಯೊಂದು ತಲೆಯಲ್ಲಿ ಸಿದ್ಧವಾಗಿರುತ್ತದೆ. ಮಾರುಕಟ್ಟೆಯ ಕಟ್ಟಡಗಳು ಆ ಪಟ್ಟಿಯ ಕೊನೆಯಲ್ಲಿ ಎರಡು ಸಾಲಿಗೆ ಮುಗಿದುಹೋಗುತ್ತವೆ. ಈ ಟಿಪ್ಪಣಿಯಲ್ಲಿ ಆ ಕ್ರಮವನ್ನು ತಿರುವುಮುರುವು ಮಾಡಿದ್ದೇನೆ. ಬುಖಾರಾದ ಮಟ್ಟಿಗೆ ಅಂಗಡಿ ಮೊದಲು, ಮದರಸಾ ಆಮೇಲೆ ಎಂದು ಓದಿಕೊಂಡರೆ ಊರಿನ ನಕ್ಷೆಯೂ ಕಟ್ಟಡಗಳ ಕಾಲಾನುಕ್ರಮವೂ ಹೆಚ್ಚು ಸುಲಭವಾಗಿ ಅರ್ಥವಾಗುತ್ತವೆ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಅಲ್ಲಿನ ದೊಡ್ಡ ವಿದ್ಯಾಸಂಸ್ಥೆಗಳು ನಡೆಯುತ್ತಿದ್ದದ್ದು ಬಹುಮಟ್ಟಿಗೆ ಅಂಗಡಿ, ಹಮಾಮು (ಸಾರ್ವಜನಿಕ ಸ್ನಾನಗೃಹ), ಸರಾಯಿ (ವರ್ತಕರು ತಂಗುವ ಛತ್ರ) ಹಾಗೂ ಜಮೀನುಗಳಿಂದ ಬರುತ್ತಿದ್ದ ಆದಾಯದ ಮೇಲೆ.

ಊರಿನ ನೆಲೆಯಿಂದ ಪ್ರಾರಂಭಿಸೋಣ. ಇಂದಿನ ಉಜ್ಬೇಕಿಸ್ತಾನದಲ್ಲಿರುವ ಬುಖಾರಾ, ಜರಫ್‌ಶಾನ್ ನದಿ ಮರುಭೂಮಿಯಲ್ಲಿ ಇಂಗಿಹೋಗುವುದಕ್ಕೆ ಮೊದಲು ಹಸುರಾಗಿಸುವ ಕೊನೆಯ ಬಯಲಿನಲ್ಲಿದೆ. ನದಿಯಿಂದ ತೆಗೆದ ಶಾಹ್‌ರೂದ್ ಎಂಬ ಕಾಲುವೆ ಊರಿನ ನಡುವೆಯೇ ಹಾದುಹೋಗುತ್ತದೆ. ಪಶ್ಚಿಮ ಭಾಗದಲ್ಲಿ ಅರ್ಕ್ ಎಂಬ ಕೋಟೆ. ಶತಮಾನಗಳಿಂದ ಕಟ್ಟುತ್ತ, ಕೆಡವುತ್ತ, ಮತ್ತೆ ಅದರ ಮೇಲೆಯೇ ಕಟ್ಟುತ್ತ ಬಂದುದರಿಂದ ಅದು ನಿಂತಿರುವ ದಿಬ್ಬವೇ ಮನುಷ್ಯ ನಿರ್ಮಿತವಾದದ್ದು. ಕೋಟೆಯ ಪೂರ್ವಕ್ಕೆ ಶಹ್‌ರಿಸ್ತಾನ್ ಎಂಬ ಹಳೆಯ ಒಳಪಟ್ಟಣ, ಅದರ ಆಚೆಗೆ ಕುಶಲಕರ್ಮಿಗಳೂ ವರ್ತಕರೂ ನೆಲೆಸಿದ ಹೊರಪಟ್ಟಣ. ಈಗ ನಾವು ನೋಡುವ ಮಾರುಕಟ್ಟೆ ಗುಮ್ಮಟಗಳೆಲ್ಲ ಒಳಪಟ್ಟಣದಿಂದ ಶಾಹ್‌ರೂದ್ ಕಾಲುವೆಯ ಕಡೆಗೆ ಇಳಿಯುವ ದಾರಿಯ ಕವಲುಗಳಲ್ಲಿವೆ. ಖಾಲಿ ಜಾಗ ಸಿಕ್ಕಿದಲ್ಲಿ ಕಟ್ಟಿದವುಗಳಲ್ಲ. ಜನ ಅದಾಗಲೇ ನೂರಾರು ವರ್ಷಗಳಿಂದ ನಡೆದಾಡುತ್ತಿದ್ದ ಕೂಡುದಾರಿಗಳ ನೆತ್ತಿಯ ಮೇಲೆ ಕಟ್ಟಿದವು.

ಇಟ್ಟಿಗೆಯ ಊರು

ಬುಖಾರಾದ ಸುತ್ತ ಕಟ್ಟಡಕ್ಕೆ ಒದಗುವ ಕಲ್ಲು ವಿರಳ, ಮರವೂ ಅಷ್ಟಕ್ಕಷ್ಟೆ. ಮಣ್ಣು ಮಾತ್ರ ಬೇಕಾದಷ್ಟಿದೆ. ಆದ್ದರಿಂದ ಸಾಮಾನ್ಯ ಮನೆಗಳಿಗೆ ಹಸಿ ಇಟ್ಟಿಗೆ, ಉಳಿಯಬೇಕಾದ ಕಟ್ಟಡಗಳಿಗೆ ಸುಟ್ಟ ಇಟ್ಟಿಗೆ ಎಂಬ ವಿಭಾಗ ಮೊದಲಿನಿಂದಲೂ ಇತ್ತು. ಸುಟ್ಟ ಇಟ್ಟಿಗೆಯನ್ನೇ ಅಲಂಕಾರವಾಗಿಸಬಹುದೆಂಬುದಕ್ಕೆ ಅತ್ಯುತ್ತಮ ಉದಾಹರಣೆ ಊರನ್ನು ಆಳಿದ ಸಾಮಾನಿ ಮನೆತನದ ಸಮಾಧಿ. ಇದರ ಕಾಲ 9ನೆಯ ಶತಮಾನದ ಕೊನೆ ಅಥವಾ 10ನೆಯ ಶತಮಾನದ ಆದಿ; 907ರಲ್ಲಿ ತೀರಿಕೊಂಡ ಇಸ್ಮಾಯಿಲ್ ಸಾಮಾನಿಯ ಹೆಸರು ಇದರೊಂದಿಗೆ ಸೇರಿಕೊಂಡಿದೆ. ಪ್ರತಿ ಬದಿ ಸುಮಾರು 10 ಮೀಟರ್ ಇರುವ ಒಂದು ಘನಾಕೃತಿ, ಅದರ ಮೇಲೊಂದು ಅರ್ಧಗೋಲ: ರಚನೆ ಇಷ್ಟೇ. ಆದರೆ ಗೋಡೆಯ ಹತ್ತಿರ ನಿಂತು ನೋಡಿದರೆ ಇಟ್ಟಿಗೆಗಳನ್ನು ಒಂದೆಡೆ ಅಡ್ಡಲಾಗಿ, ಇನ್ನೊಂದೆಡೆ ಅಂಚು ಹೊರಚಾಚುವಂತೆ, ಮತ್ತೊಂದೆಡೆ ಮೂಲೆ ಮುಂದಾಗುವಂತೆ ಜೋಡಿಸಿ, ಚಾಪೆಯ ಹೆಣಿಗೆಯಂಥ ಮೈಯನ್ನು ತಂದಿರುವುದು ಕಾಣುತ್ತದೆ. ಬಣ್ಣದ ಲೇಪ ಒಂದು ತುಣುಕೂ ಇಲ್ಲ. ಬಿಸಿಲು ತಿರುಗಿದಂತೆ ನೆರಳೇ ಚಿತ್ತಾರವನ್ನು ಬದಲಾಯಿಸುತ್ತದೆ.

ಓದುವವರು ಇಲ್ಲಿ ಗಮನಿಸಬೇಕಾದ ರಚನೆಯ ಅಂಶವೊಂದಿದೆ. ಚೌಕದ ಮೇಲೆ ವೃತ್ತವನ್ನು ಕೂರಿಸುವುದು ಹೇಗೆ? ಸಾಮಾನಿ ಸಮಾಧಿಯಲ್ಲಿ ನಾಲ್ಕು ಮೂಲೆಗಳಿಗೂ ಅಡ್ಡ ಕಮಾನು ಹಾಕಿ ಚೌಕವನ್ನು ಎಂಟು ಮೂಲೆಯದಾಗಿಸಿ, ಅದರ ಮೇಲೆ ಗುಮ್ಮಟವನ್ನು ನಿಲ್ಲಿಸಿದ್ದಾರೆ. ಈ ಪ್ರಶ್ನೆಗೆ ಮುಂದಿನ 700 ವರ್ಷಗಳಲ್ಲಿ ಬುಖಾರಾದ ಗಾರೆಯವರು ಕೊಟ್ಟ ಬೇರೆ ಬೇರೆ ಉತ್ತರಗಳನ್ನೇ ನಾವು ಮಾರುಕಟ್ಟೆ ಗುಮ್ಮಟಗಳಲ್ಲಿ ಕಾಣುತ್ತೇವೆ. ಆದ್ದರಿಂದ ಈ ಮೊದಲ ಉತ್ತರವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

1127ರಲ್ಲಿ ಕಾರಾಖಾನಿ ದೊರೆ ಅರ್ಸ್ಲಾನ್ ಖಾನ್ ಕಟ್ಟಿಸಿದ ಕಲ್ಯಾಣ್ ಮಿನಾರು ಇದೇ ಇಟ್ಟಿಗೆ ಕೆಲಸದ ಎತ್ತರದ ರೂಪ. (ಕನ್ನಡಿಗರ ಕಿವಿಗೆ ಚಾಲುಕ್ಯರ ರಾಜಧಾನಿಯ ನೆನಪು ತರುವ ಈ ಹೆಸರಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.) ಸುಮಾರು 46 ಮೀಟರ್ ಎತ್ತರ, ಬುಡದಲ್ಲಿ ಸುಮಾರು 9 ಮೀಟರ್ ಅಡ್ಡಳತೆ, ಮೇಲೇರಿದಂತೆ ಸಣ್ಣದಾಗುವ ಮೈ, ಅದರ ಸುತ್ತ ಒಂದರಂತೆ ಇನ್ನೊಂದಿಲ್ಲದ ಚಿತ್ತಾರದ ಪಟ್ಟಿಗಳು. ಮೇಲ್ಭಾಗದ ಒಂದು ಪಟ್ಟಿಯಲ್ಲಿ ಹಸುರು ಮಿಶ್ರಿತ ನೀಲಿಯ ಮೆರುಗು ಹೆಂಚು ಕಾಣಿಸಿಕೊಳ್ಳುತ್ತದೆ; ಬಣ್ಣದ ಹೆಂಚು ಈ ಪ್ರದೇಶದ ವಾಸ್ತುವಿನೊಳಗೆ ಕಾಲಿಟ್ಟ ಆರಂಭದ ಗುರುತುಗಳಲ್ಲಿ ಇದೂ ಒಂದು. 1220ರಲ್ಲಿ ಚಂಗೀಸ್ ಖಾನನ ಸೇನೆ ಊರನ್ನು ಸುಟ್ಟಾಗಲೂ ಮಿನಾರು ಉಳಿಯಿತು. ಅದರ ಪಕ್ಕದ ಮಸೀದಿ ಉಳಿಯಲಿಲ್ಲ. ಈಗಿರುವ ಕಲ್ಯಾಣ್ ಮಸೀದಿ 1514ರದು, 208 ಕಂಬಗಳ ಮೇಲೆ 288 ಸಣ್ಣ ಗುಮ್ಮಟಗಳನ್ನು ಹೊತ್ತದ್ದು.

ಇದೇ ಕಾಲದ ಮತ್ತೊಂದು ಕಟ್ಟಡ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು: ಮಾಗೋಕಿ ಅತ್ತೋರಿ ಮಸೀದಿ. ಅತ್ತರು, ಗಿಡಮೂಲಿಕೆ, ಸುಗಂಧದ್ರವ್ಯ ಮಾರುವವರ ಬೀದಿಯಲ್ಲಿದ್ದುದರಿಂದ ಅದಕ್ಕೆ ಆ ಹೆಸರು. 10ನೆಯ ಶತಮಾನದಲ್ಲಿ ಬುಖಾರಾದ ಇತಿಹಾಸವನ್ನು ಬರೆದ ನರ್ಶಖಿ, ಇದೇ ಜಾಗದಲ್ಲಿ ಇಸ್ಲಾಮಿಗೆ ಮುಂಚೆ ಮಾಖ್ ಎಂಬ ಸಂತೆ ನಡೆಯುತ್ತಿತ್ತೆಂದೂ, ಅಲ್ಲಿ ವರ್ಷಕ್ಕೆ ಎರಡು ಸಲ ವಿಗ್ರಹಗಳ ಮಾರಾಟವಾಗುತ್ತಿತ್ತೆಂದೂ, ಆಮೇಲೆ ಅಲ್ಲಿ ಅಗ್ನಿಗುಡಿ ಬಂದು, ಅರಬರ ಕಾಲದಲ್ಲಿ ಅದು ಮಸೀದಿಯಾಯಿತೆಂದೂ ದಾಖಲಿಸಿದ್ದಾನೆ. 1930ರ ದಶಕದ ಉತ್ಖನನದಲ್ಲಿ ಹಳೆಯ ಕಟ್ಟಡಗಳ ಪದರಗಳು ಒಂದರ ಕೆಳಗೊಂದು ಸಿಕ್ಕವು. 12ನೆಯ ಶತಮಾನದ ಅದರ ದಕ್ಷಿಣ ಮುಖಮಂಟಪ ಇಂದಿನ ಬೀದಿಯ ಮಟ್ಟಕ್ಕಿಂತ ಎಷ್ಟೋ ಕೆಳಗಿದ್ದು, ಮೆಟ್ಟಿಲಿಳಿದು ನೋಡಬೇಕಾಗುತ್ತದೆ. ದೇವರು ಬದಲಾದರೂ, ದೊರೆ ಬದಲಾದರೂ, ಸಂತೆಯ ಜಾಗ ಬದಲಾಗಲಿಲ್ಲ. ಕೆಲವೇ ಹೆಜ್ಜೆ ದೂರದಲ್ಲಿ 16ನೆಯ ಶತಮಾನದ ಸರಾಫರ (ನಾಣ್ಯ ಬದಲಾಯಿಸಿಕೊಡುವವರ) ಗುಮ್ಮಟವಿದೆ ಎಂಬುದನ್ನು ಇದರೊಂದಿಗೆ ಸೇರಿಸಿ ಓದಿಕೊಳ್ಳಿ.

ಅಬ್ದುಲ್ಲಾ ಖಾನನ ಕಾಲದ ಮಾರುಕಟ್ಟೆಗಳು

1500ರ ಸುಮಾರಿಗೆ ತೈಮೂರನ ವಂಶದವರಿಂದ ಈ ನಾಡನ್ನು ಕಸಿದುಕೊಂಡ ಶೈಬಾನಿ ಉಜ್ಬೇಕರ ಕಾಲದಲ್ಲಿ ಬುಖಾರಾ ಕ್ರಮೇಣ ರಾಜಧಾನಿಯಾಯಿತು. ಅವರಲ್ಲಿ ಕಟ್ಟಡಗಳ ದೃಷ್ಟಿಯಿಂದ ಮುಖ್ಯನಾದವನು ಎರಡನೆಯ ಅಬ್ದುಲ್ಲಾ ಖಾನ್. 1557ರಲ್ಲಿ ಜೂಯ್‌ಬಾರಿ ಖ್ವಾಜಾಗಳೆಂಬ ಪ್ರಬಲ ಸೂಫಿ ಮನೆತನದ ಬೆಂಬಲದಿಂದ ಅವನು ಊರನ್ನು ಹಿಡಿದ. ತಂದೆಯನ್ನು ಹೆಸರಿಗೆ ಖಾನನನ್ನಾಗಿ ಕೂರಿಸಿ ತಾನೇ ಆಳಿದ. ತಂದೆ ತೀರಿಕೊಂಡ 1583ರಿಂದ 1598ರವರೆಗೆ ಸ್ವತಃ ಖಾನನಾಗಿದ್ದ. ಸೇತುವೆ, ಸರಾಯಿ, ನೀರಿನ ತೊಟ್ಟಿ, ಮಾರುಕಟ್ಟೆ ಹೀಗೆ ವ್ಯಾಪಾರಕ್ಕೆ ಬೇಕಾದುದನ್ನೆಲ್ಲ ಕಟ್ಟಿಸಿದ ಕೀರ್ತಿ ಅವನದು. ಜೂಯ್‌ಬಾರಿ ಖ್ವಾಜಾಗಳನ್ನು ಬರಿಯ ಧರ್ಮಗುರುಗಳೆಂದು ತಿಳಿಯಬಾರದು. ಅವರು ಕೊಂಡ ಜಮೀನು, ಅಂಗಡಿ, ಕಟ್ಟಡಗಳ ಕ್ರಯಪತ್ರಗಳ ದೊಡ್ಡ ಸಂಗ್ರಹವೇ ಉಳಿದುಬಂದಿದೆ. 16ನೆಯ ಶತಮಾನದ ಬುಖಾರಾದ ಅರ್ಥವ್ಯವಸ್ಥೆಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆ ಪತ್ರಗಳಿಂದಲೇ ಬಂದದ್ದು.

ಈಗ ಎರಡು ಪಾರಿಭಾಷಿಕ ಪದಗಳು. ಕೂಡುದಾರಿಯ ಮೇಲೆ ಕಟ್ಟಿದ, ನಾಲ್ಕಾರು ಕಡೆಯಿಂದ ಬೀದಿಗಳು ಒಳಹೊಕ್ಕು ಹೊರಬೀಳುವ ಗುಮ್ಮಟದ ಮಾರುಕಟ್ಟೆಗೆ ‘ತೋಕ್’ ಎನ್ನುತ್ತಾರೆ. ಬೀದಿಯ ಪಕ್ಕದಲ್ಲಿ ನಿಂತಿರುವ, ಚಾವಣಿಯಿರುವ ಅಂಗಡಿ ಸಂಕೀರ್ಣಕ್ಕೆ ‘ತೀಮ್’ ಎಂದು ಹೆಸರು. ತೋಕ್ ಎಂದರೆ ದಾರಿಯೇ ಕಟ್ಟಡವಾದದ್ದು, ತೀಮ್ ಎಂದರೆ ದಾರಿಯಿಂದ ಒಳಗೆ ಹೋಗಬೇಕಾದದ್ದು ಎಂದು ವ್ಯತ್ಯಾಸವನ್ನು ಗುರುತಿಟ್ಟುಕೊಳ್ಳಬಹುದು. ಬುಖಾರಾದಲ್ಲಿ ಇಂದು ಮೂರು ತೋಕ್‌ಗಳೂ ಒಂದು ಪ್ರಮುಖ ತೀಮ್ ಕೂಡ ಉಳಿದಿವೆ. ಉತ್ತರದಿಂದ ದಕ್ಷಿಣಕ್ಕೆ ನಡೆದು ಬಂದರೆ ಮೊದಲು ಅಕ್ಕಸಾಲಿಗರ ತೋಕಿ ಜರ್ಗರೋನ್, ಆಮೇಲೆ ಅಬ್ದುಲ್ಲಾ ಖಾನನ ತೀಮ್, ನಂತರ ಟೋಪಿ ಮಾರುವವರ ತೋಕಿ ತೆಲ್ಪಕ್ ಫುರೂಶೋನ್, ಕೊನೆಗೆ ಕಾಲುವೆಯ ಹತ್ತಿರ ಸರಾಫರ ತೋಕಿ ಸರ್ರಾಫೋನ್ ಸಿಗುತ್ತವೆ. ಇವೆಲ್ಲ 16ನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದವು. ತೀಮ್‌ಗೆ ಸಾಮಾನ್ಯವಾಗಿ 1577 ಎಂಬ ವರ್ಷವನ್ನು ಕೊಡುತ್ತಾರೆ.

ಬೀದಿಗಳು ಸೇರುವಲ್ಲಿ ಚಾವಣಿ ಹಾಕಬೇಕೇಕೆ? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಚಳಿಗಾಲದಲ್ಲಿ ಕೊರೆಯುವ ಗಾಳಿ ಎಂಬುದು ಎಲ್ಲರೂ ಕೊಡುವ ಉತ್ತರ, ಸರಿಯಾದದ್ದೇ. ಅದರೊಂದಿಗೆ ಇನ್ನೆರಡು ಕಾರಣಗಳನ್ನೂ ಸೇರಿಸಬೇಕು. ಒಂದೇ ಬಗೆಯ ಸರಕಿನ ವ್ಯಾಪಾರಿಗಳು ಒಂದೇ ಸೂರಿನಡಿ ಕುಳಿತರೆ ತೂಕ, ಬೆಲೆ, ಗುಣಮಟ್ಟಗಳ ಮೇಲೆ ಕಣ್ಣಿಡುವುದೂ ಸುಂಕ ವಸೂಲಿ ಮಾಡುವುದೂ ಅಧಿಕಾರಿಗಳಿಗೆ ಸುಲಭವಾಗುತ್ತದೆ. ಜನಸಂದಣಿಯ ಕೂಡುದಾರಿಯ ಅಂಗಡಿಗೆ ಸಹಜವಾಗಿ ಬಾಡಿಗೆಯೂ ಹೆಚ್ಚು. ಅಂಥ ಕಡೆ ಗಟ್ಟಿಯಾದ ಸುಟ್ಟ ಇಟ್ಟಿಗೆಯ ಅಂಗಡಿ ಕಟ್ಟಿಸುವುದು ಧನಿಕರಿಗೆ ಲಾಭದ ಹೂಡಿಕೆ. ದೊರೆಯ ಔದಾರ್ಯವನ್ನಷ್ಟೇ ಹೊಗಳಿ ಸುಮ್ಮನಾಗುವ ಪ್ರವಾಸಿ ಕೈಪಿಡಿಗಳು ಈ ಲೆಕ್ಕಾಚಾರವನ್ನು ಬಿಟ್ಟುಬಿಡುತ್ತವೆ.

ಮೂರು ತೋಕ್‌ಗಳಲ್ಲಿ ಟೋಪಿ ಮಾರುವವರದು ರಚನೆಯ ದೃಷ್ಟಿಯಿಂದ ನನಗೆ ಎಲ್ಲಕ್ಕಿಂತ ಕುತೂಹಲಕರವಾಗಿ ಕಾಣುತ್ತದೆ. ಅಲ್ಲಿ ಮೊದಲು ಪುಸ್ತಕ ವ್ಯಾಪಾರಿಗಳಿದ್ದರು. ಕಟ್ಟಡದ ಹಳೆಯ ಹೆಸರೂ ಅವರದೇ. ಸಮಸ್ಯೆ ಏನೆಂದರೆ, ಅಲ್ಲಿ ಸೇರುವ ಬೀದಿಗಳು ನಾಲ್ಕಲ್ಲ, ಐದು. ಅವು ಒಂದಕ್ಕೊಂದು ನೇರವೂ ಅಲ್ಲ, ಅವುಗಳ ನಡುವಿನ ಕೋನಗಳು ಸಮವೂ ಅಲ್ಲ. ಬೀದಿಗಳನ್ನು ತಿದ್ದುವ ಬದಲು ಕಟ್ಟಡದವರು ನಡುವೆ ಆರು ಮೂಲೆಯ ಅಂಗಳವೊಂದನ್ನು ಹಾಕಿ, ದಪ್ಪನೆಯ ಆರು ಕಂಬಗಳ ಮೇಲೆ ಸುಮಾರು 14 ಮೀಟರ್ ಅಡ್ಡಳತೆಯ ಗುಮ್ಮಟವನ್ನು ನಿಲ್ಲಿಸಿದರು. ಕಂಬಗಳ ನಡುವಿನ ತೆರಪುಗಳು ಬೀದಿಯ ಕಡೆಗೆ ತಿರುಗಿದವು. ಓರೆಕೋರೆಯಾಗಿ ಉಳಿದ ಮೂಲೆಗಳನ್ನೆಲ್ಲ ಸಣ್ಣ ಗುಮ್ಮಟಗಳ ಅಂಗಡಿ, ಉಗ್ರಾಣ, ಗೂಡುಗಳು ತುಂಬಿದವು. ಒಳಗೆ ನಿಂತವರಿಗೆ ಎಲ್ಲವೂ ಸಮನಾಗಿ, ವೃತ್ತಾಕಾರವಾಗಿ ಕಾಣುತ್ತದೆ. ನಕ್ಷೆಯನ್ನು ಮೇಲಿನಿಂದ ನೋಡಿದಾಗಲೇ ಹೊರಗೋಡೆಗಳ ವಕ್ರತೆ ತಿಳಿಯುವುದು. ಹಳೆಯ ಬೀದಿಯ ಹಕ್ಕನ್ನು ದೊರೆಯ ಕಟ್ಟಡವೂ ಮೀರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸರಾಫರ ತೋಕ್ ಇವುಗಳಲ್ಲಿ ಚಿಕ್ಕದು. ಇಲ್ಲಿ ಮೂಲೆಗೆ ಅಡ್ಡ ಕಮಾನು ಹಾಕುವ ಸಾಮಾನಿ ಕಾಲದ ಉಪಾಯವನ್ನು ಬಿಟ್ಟು, ಪರಸ್ಪರ ದಾಟುವ ನಾಲ್ಕು ಬಲವಾದ ಕಮಾನುಗಳ ಮೇಲೆ ಗುಮ್ಮಟವನ್ನು ಇಟ್ಟಿದ್ದಾರೆ. ಕಮಾನುಗಳು ಒಂದನ್ನೊಂದು ಕತ್ತರಿಸಿದಾಗ ನಡುವೆ ಉಳಿಯುವ ತೆರವು ಕೆಳಗಿನ ಕೋಣೆಗಿಂತ ಎಷ್ಟೋ ಚಿಕ್ಕದಾಗುವುದರಿಂದ, ಗುಮ್ಮಟ ಸಣ್ಣದಿದ್ದರೂ ಸಾಕು, ಅದರ ಭಾರವೂ ಆಯ್ದ ಬಿಂದುಗಳ ಮೂಲಕವೇ ನೆಲಕ್ಕಿಳಿಯುತ್ತದೆ. ವಿಜಯಪುರದ ಗೋಳಗುಮ್ಮಟವನ್ನು ಒಳಗಿನಿಂದ ನೋಡಿದವರಿಗೆ ಈ ತತ್ತ್ವ ಹೊಸದೇನಲ್ಲ: ಅಲ್ಲಿ ಒಂದನ್ನೊಂದು ಛೇದಿಸುವ ಎಂಟು ಕಮಾನುಗಳು ಅಗಾಧವಾದ ಗುಮ್ಮಟವನ್ನು ಹೊತ್ತಿವೆ. ತೈಮೂರಿ ಕಾಲದ ಹೆರಾತ್, ಸಮರ್‌ಖಂಡಗಳಲ್ಲಿ ಬೆಳೆದ ಈ ಕೌಶಲ ಒಂದು ಕಡೆ ಬುಖಾರಾದ ಮಾರುಕಟ್ಟೆಗಳಿಗೂ, ಇರಾನಿನೊಂದಿಗೆ ನಿಕಟ ಸಂಪರ್ಕವಿದ್ದ ದಖ್ಖನಿನ ಸುಲ್ತಾನರ ನಾಡಿಗೂ ಬಂದು ಸೇರಿದೆ. ಬೀದರಿನಲ್ಲಿ 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾ, ಅದರ ಅಂಗಳ ಮತ್ತು ಬಣ್ಣದ ಹೆಂಚಿನ ಮುಖ, ಇದೇ ಪರಂಪರೆಯ ಕೂಸು. ಬುಖಾರಾದ ಮದರಸಾ ಹೇಗಿರುತ್ತದೆಂದು ತಿಳಿಯಲು ನಮ್ಮವರು ಬೀದರಿಗೆ ಹೋಗಿಬಂದರೂ ಅರ್ಧ ಪಾಠವಾದಂತೆ.

ಅಬ್ದುಲ್ಲಾ ಖಾನನ ತೀಮ್ ರೇಷ್ಮೆ ಮತ್ತು ಉಣ್ಣೆ ಬಟ್ಟೆಗಳ ಮಾರುಕಟ್ಟೆ. ನಡುವಿನ ದೊಡ್ಡ ಗುಮ್ಮಟದ ಸುತ್ತ ಸಣ್ಣ ಗುಮ್ಮಟಗಳ ಮೊಗಸಾಲೆ, ಅದರ ಆಚೆ ಗೋಡೆಗೆ ಒತ್ತಿದ ಗೂಡಂಗಡಿಗಳು. ಬೆಳಕು ಗುಮ್ಮಟಗಳಲ್ಲಿ ಬಿಟ್ಟ ಕಿಂಡಿಗಳಿಂದ ಮಾತ್ರ ಬೀಳುವುದರಿಂದ ಒಳಗೆ ಮಬ್ಬು, ತಂಪು. ಬಣ್ಣ ಮಾಸಬಾರದ ಬಟ್ಟೆಗೆ ಈ ಮಬ್ಬು ಅನುಕೂಲವೇ. ದಾರಿಯ ಮೇಲಿಲ್ಲದ ಕಾರಣ ಇಲ್ಲಿಗೆ ಬರುವವರು ಬಟ್ಟೆ ಕೊಳ್ಳಲೆಂದೇ ಬರುವವರು. ತೋಕ್‌ಗಳಾದರೋ ಹೊರೆಹೊತ್ತ ಒಂಟೆಯೂ ಹಾದುಹೋಗುವಷ್ಟು ಎತ್ತರದ ಕಮಾನುಗಳಿರುವ ನಡೆದಾಡುವ ದಾರಿ.

ಯಾರು ಮಾರುತ್ತಿದ್ದರು, ಯಾರು ಕೊಳ್ಳುತ್ತಿದ್ದರು

ಈ ಗುಮ್ಮಟಗಳು ಏಳುವುದಕ್ಕೆ ಸ್ವಲ್ಪ ಮುಂಚೆ, 1558ರ ಡಿಸೆಂಬರಿನಲ್ಲಿ, ಆಂಥನಿ ಜೆಂಕಿನ್ಸನ್ ಎಂಬ ಇಂಗ್ಲಿಷ್ ವರ್ತಕ ರಷ್ಯಾದ ದಾರಿಯಿಂದ ಬುಖಾರಾಕ್ಕೆ ಬಂದ. ಅವನ ವರದಿ ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತ, ಏಕೆಂದರೆ ಅವನು ನೋಡಿದ್ದು ಸರಕನ್ನು, ಲೆಕ್ಕ ಹಾಕಿದ್ದು ಲಾಭವನ್ನು. ಭಾರತ, ಪರ್ಷಿಯಾ, ಬಲ್ಖ್, ರಷ್ಯಾಗಳಿಂದ ವರ್ತಕರು ಬರುತ್ತಾರೆಂದು ಅವನು ಬರೆದಿದ್ದಾನೆ. ಭಾರತದವರು ತರುತ್ತಿದ್ದದ್ದು ತಲೆಗೆ ಸುತ್ತುವ, ಉಡುಪಿಗಾಗುವ ಬಿಳಿಯ ಬಟ್ಟೆ. ಒಯ್ಯುತ್ತಿದ್ದದ್ದು ರೇಷ್ಮೆ, ಕೆಂಪು ತೊಗಲು, ಕುದುರೆ ಮತ್ತು ಗುಲಾಮರು. ಚಿನ್ನ ಬೆಳ್ಳಿ, ರತ್ನ, ಸಾಂಬಾರ ಪದಾರ್ಥಗಳನ್ನು ಅವರು ತರುತ್ತಿರಲಿಲ್ಲ. ಅವೆಲ್ಲ ಪೋರ್ಚುಗೀಸರ ಹಿಡಿತದಲ್ಲಿದ್ದ ಸಮುದ್ರಮಾರ್ಗಕ್ಕೆ ಹೋಗುತ್ತಿವೆ ಎಂದು ಅವನಿಗೆ ತಿಳಿದುಬಂತು. ಅವನು ಹೊತ್ತು ತಂದಿದ್ದ ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಭಾರತದ ವರ್ತಕರು ಕಣ್ಣೆತ್ತಿಯೂ ನೋಡಲಿಲ್ಲ. ಖಾನ್ ಅವನಿಂದ ಸರಕು ಕೊಂಡು, ಪೂರ್ತಿ ಹಣ ಕೊಡದೆ ಯುದ್ಧಕ್ಕೆ ಹೊರಟುಹೋದ. ಆ ಖಾನ್ ಬೇರೆ ಯಾರೂ ಅಲ್ಲ, ಮುಂದೆ ವ್ಯಾಪಾರಿಗಳ ಪೋಷಕನೆಂದು ಹೆಸರಾದ ಅಬ್ದುಲ್ಲಾನೇ.

ಜೆಂಕಿನ್ಸನ್ ಹೇಳುವ ಇನ್ನೊಂದು ಸಂಗತಿ ಸರಾಫರ ಗುಮ್ಮಟವನ್ನು ಅರ್ಥ ಮಾಡಿಕೊಳ್ಳಲು ಬೇಕಾಗುತ್ತದೆ. ಬೆಳ್ಳಿ ನಾಣ್ಯದ ಬೆಲೆಯನ್ನು ದೊರೆ ತನ್ನ ಅನುಕೂಲಕ್ಕೆ ತಕ್ಕಂತೆ ಎರಡು ತಿಂಗಳಿಗೊಮ್ಮೆ, ಕೆಲವೊಮ್ಮೆ ತಿಂಗಳಿಗೆ ಎರಡು ಸಲ, ಏರಿಸಿ ಇಳಿಸುತ್ತಿದ್ದನಂತೆ. ಇಂಥ ಊರಿನಲ್ಲಿ ಇಂದು ಯಾವ ನಾಣ್ಯ ಎಷ್ಟಕ್ಕೆ ನಡೆಯುತ್ತದೆಂದು ಬಲ್ಲವನಿಲ್ಲದೆ ಹೊರಗಿನ ವರ್ತಕ ಒಂದು ಥಾನು ಬಟ್ಟೆಯನ್ನೂ ಮಾರಲಾರ. ಮಾಸ್ಕೋದ, ಇರಾನಿನ, ಭಾರತದ ಬೆಳ್ಳಿಯನ್ನು ತೂಗಿ, ಒರೆಹಚ್ಚಿ, ಊರಿನ ತಂಗಾ ನಾಣ್ಯಕ್ಕೆ ಬದಲಾಯಿಸಿಕೊಡುವ ಸರಾಫ ಹೀಗೆ ಮಾರುಕಟ್ಟೆಯ ಹೆಬ್ಬಾಗಿಲಲ್ಲಿ ಕುಳಿತ. ಅಬ್ದುಲ್ಲಾ ಖಾನ್ ಆಮೇಲೆ ನಾಣ್ಯ ವ್ಯವಸ್ಥೆಯನ್ನು ಸುಧಾರಿಸಿದ ಎಂಬುದನ್ನೂ ಅದೇ ಕಾಲದಲ್ಲಿ ಈ ಮಾರುಕಟ್ಟೆಗಳು ಎದ್ದವು ಎಂಬುದನ್ನೂ ಬೇರೆಬೇರೆಯಾಗಿ ಓದಬಾರದು.

ಸರಾಫಿಯಲ್ಲೂ ಬಡ್ಡಿ ವ್ಯವಹಾರದಲ್ಲೂ ಭಾರತದ ಹಿಂದೂ ವರ್ತಕರ ಪಾಲು ದೊಡ್ಡದಿತ್ತು. ಮೊದಲು ಮುಲ್ತಾನಿನವರು, 18ನೆಯ ಶತಮಾನದ ನಂತರ ಸಿಂಧಿನ ಶಿಕಾರ್‌ಪುರದವರು ಇಲ್ಲಿ ನೆಲೆಯೂರಿ, ಹತ್ತಿ ಬಟ್ಟೆ ಮತ್ತು ನೀಲಿ ಬಣ್ಣದ ವ್ಯಾಪಾರದೊಂದಿಗೆ ರೈತರಿಗೂ ಕುಶಲಕರ್ಮಿಗಳಿಗೂ ಸಾಲ ಕೊಡುತ್ತಿದ್ದರು. 1832ರಲ್ಲಿ ಬುಖಾರಾಕ್ಕೆ ಬಂದ ಅಲೆಕ್ಸಾಂಡರ್ ಬರ್ನ್ಸ್, ಸುಮಾರು 300 ಮಂದಿ ಹಿಂದೂಗಳು ತಮ್ಮದೇ ಸರಾಯಿಯಲ್ಲಿ ವಾಸವಾಗಿದ್ದುದನ್ನು ದಾಖಲಿಸಿದ್ದಾನೆ. ಅವರಲ್ಲಿ ಹೆಚ್ಚಿನವರು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದವರು. ವ್ಯಾಪಾರಕ್ಕೆ ಅಡ್ಡಿಯಿರಲಿಲ್ಲ, ಉಡುಪು ಮತ್ತು ಸವಾರಿಯ ವಿಷಯದಲ್ಲಿ ನಿರ್ಬಂಧಗಳಿದ್ದವು. ಇಲ್ಲಿನ ಗುಲಾಮರ ಸಂತೆಯನ್ನು ಮರೆಯುವಂತಿಲ್ಲ. ಇರಾನಿನಿಂದ ಹಿಡಿದು ತಂದವರ ಮಾರಾಟ ಬುಖಾರಾದಲ್ಲಿ ಶತಮಾನಗಳ ಕಾಲ ನಡೆಯಿತು; ರಷ್ಯಾದೊಂದಿಗಿನ 1873ರ ಒಪ್ಪಂದವೇ ಅದನ್ನು ಕಾನೂನಿನ ಮಟ್ಟದಲ್ಲಿ ನಿಲ್ಲಿಸಿದ್ದು.

ಅಂಗಡಿಯಿಂದ ಮದರಸಾಕ್ಕೆ: ವಕ್ಫ್

ಅಂಗಡಿ, ಹಮಾಮು, ಗಿರಣಿ, ತೋಟ, ಸರಾಯಿ ಇವುಗಳ ಆದಾಯವನ್ನು ಶಾಶ್ವತವಾಗಿ ಒಂದು ಧರ್ಮಕಾರ್ಯಕ್ಕೆ ಬಿಟ್ಟುಕೊಡುವ ವಕ್ಫ್ ಎಂಬ ದತ್ತಿಯ ಪದ್ಧತಿ ಮಾರುಕಟ್ಟೆಯನ್ನೂ ಮದರಸಾವನ್ನೂ ಬೆಸೆಯಿತು. ದತ್ತಿಪತ್ರದಲ್ಲಿ ಖರ್ಚಿನ ಕ್ರಮವೂ ಬರೆದಿರುತ್ತಿತ್ತು: ಸಾಮಾನ್ಯವಾಗಿ ಮೊದಲು ಕಟ್ಟಡದ ದುರಸ್ತಿ, ಆಮೇಲೆ ಮೇಲ್ವಿಚಾರಕನ ಪಾಲು, ಅಧ್ಯಾಪಕರ ಸಂಬಳ, ವಿದ್ಯಾರ್ಥಿಗಳ ವೇತನ. ಬಾಡಿಗೆ ನಿಂತರೆ ಪಾಠವೂ ನಿಲ್ಲುತ್ತದೆ, ಚಾವಣಿಯೂ ಸೋರುತ್ತದೆ. ಬುಖಾರಾದಲ್ಲಿ ಮದರಸಾದ ಒಂದು ಕೋಣೆಯಲ್ಲಿ ಇರುವ ಹಕ್ಕನ್ನೇ ಹಣ ಕೊಟ್ಟು ಕೊಳ್ಳುವ, ಮಾರುವ ರೂಢಿಯೂ ಬೆಳೆಯಿತು. ವಿದ್ಯಾರ್ಥಿಗಿಂತ ಕೋಣೆಯ ಯಜಮಾನನೇ ಮುಖ್ಯನಾದಾಗ ಓದಿನ ಗತಿ ಏನಾಯಿತೆಂದು ಊಹಿಸುವುದು ಕಷ್ಟವಲ್ಲ.

ಕಲ್ಯಾಣ್ ಮಸೀದಿಯ ಎದುರಿಗಿರುವ ಮೀರ್‌ ಅರಬ್ ಮದರಸಾ 1530ರ ದಶಕದ್ದು. ಉಬೈದುಲ್ಲಾ ಖಾನ್ ತನ್ನ ಗುರು ಯಮನಿನ ಶೇಖ್ ಅಬ್ದುಲ್ಲಾನಿಗಾಗಿ ಕಟ್ಟಿಸಿದ್ದು. ಇರಾನಿನ ಮೇಲೆ ನಡೆಸಿದ ದಾಳಿಗಳಲ್ಲಿ ಸೆರೆ ಸಿಕ್ಕವರನ್ನು ಮಾರಿ ಬಂದ ಹಣ ಇದಕ್ಕೆ ಬಳಕೆಯಾಯಿತೆಂಬ ಹೇಳಿಕೆಯಿದೆ. ಸೋವಿಯತ್ ಆಡಳಿತದಲ್ಲಿ ಮುಚ್ಚಿಹೋಗಿ 1940ರ ದಶಕದಲ್ಲಿ ಮತ್ತೆ ತೆರೆದ ಮೇಲೆ, ಬಹಳ ವರ್ಷ ಸೋವಿಯತ್ ಒಕ್ಕೂಟದಲ್ಲಿ ಅಧಿಕೃತವಾಗಿ ನಡೆಯುತ್ತಿದ್ದ ಏಕೈಕ ಮದರಸಾ ಇದೇ ಆಗಿತ್ತು. ಜರ್ಗರೋನ್ ಗುಮ್ಮಟದ ಹತ್ತಿರ 1417ರ ಉಲುಗ್ ಬೇಗ್ ಮದರಸಾ ಮತ್ತು 1652ರ ಅಬ್ದುಲ್‌ಅಜೀಜ್ ಖಾನ್ ಮದರಸಾ ಮುಖಾಮುಖಿಯಾಗಿ ನಿಂತಿವೆ. ಮೊದಲನೆಯದು ಅಳತೆಯಲ್ಲೂ ಅಲಂಕಾರದಲ್ಲೂ ಸಂಯಮದ್ದು. ಎರಡನೆಯದು ಬಣ್ಣಕ್ಕೆ ಹೆದರದ್ದು, ಆದರೆ ಅದರ ಅಲಂಕಾರ ಪೂರ್ತಿ ಮುಗಿದೇ ಇಲ್ಲ. ಇಂಥ ಎದುರುಬದುರು ಜೋಡಿಗೆ ಅಲ್ಲಿನವರು ‘ಕೋಶ್’ ಎನ್ನುತ್ತಾರೆ. ಪರೀಕ್ಷೆಯಲ್ಲಿ ಈ ಪದ ಬಂದರೆ ಗೊಂದಲ ಬೇಡ.

ಮಾರುಕಟ್ಟೆಯ ಕಟ್ಟಡಕ್ಕೂ ವಿದ್ಯಾಲಯಕ್ಕೂ ರಚನೆಯಲ್ಲಿ ಎಷ್ಟು ಕಡಿಮೆ ಅಂತರವಿತ್ತೆಂಬುದಕ್ಕೆ ನಾದಿರ್ ದೀವಾನ್‌ಬೇಗಿಯ ಪ್ರಸಂಗವನ್ನು ನೋಡಬೇಕು. ಇಮಾಮ್ ಕುಲಿ ಖಾನನ ಆಸ್ಥಾನದ ಈ ಪ್ರಭಾವಿ ಅಧಿಕಾರಿ 1620ರ ಸುಮಾರಿಗೆ ಒಂದು ದೊಡ್ಡ ಕೊಳ, ಅದರ ಪಶ್ಚಿಮಕ್ಕೆ ಸೂಫಿಗಳ ಮಠವಾದ ಖಾನ್‌ಕಾ, ಪೂರ್ವಕ್ಕೆ ಒಂದು ಸರಾಯಿ ಕಟ್ಟಿಸಿದ. ಉದ್ಘಾಟನೆಗೆ ಬಂದ ಖಾನ್, ಕಟ್ಟಡವನ್ನು ಮದರಸಾ ಎಂದು ಕರೆದು ಹೊಗಳಿದನಂತೆ. ದೊರೆಯ ಬಾಯಿಂದ ಬಂದ ಮಾತನ್ನು ತಿದ್ದುವವರು ಯಾರು? ಸರಾಯಿಗೆ ಎತ್ತರದ ಮುಖಮಂಟಪವೂ ಮೂಲೆಯ ಗೋಪುರಗಳೂ ಸೇರಿ ಅದು ಮದರಸಾ ಆಯಿತು. ಕಥೆ ಹೇಗೇ ಇರಲಿ, ಕಟ್ಟಡವೇ ಅದಕ್ಕೆ ಪುರಾವೆ ಒದಗಿಸುತ್ತದೆ: ಮದರಸಾದಲ್ಲಿ ಇರಲೇಬೇಕಾದ ಪಾಠದ ಕೋಣೆಯೂ ಮಸೀದಿಯೂ ಅದರೊಳಗಿಲ್ಲ. ಅಂಗಳದ ಸುತ್ತ ಕೋಣೆಗಳ ಸಾಲು ಎಂಬ ಒಂದೇ ವಿನ್ಯಾಸದಲ್ಲಿ ವರ್ತಕನೂ ಮಲಗಬಹುದಿತ್ತು, ವಿದ್ಯಾರ್ಥಿಯೂ ಓದಬಹುದಿತ್ತು. ಮುಖಮಂಟಪದ ಮೇಲೆ ಎರಡು ಕಾಲ್ಪನಿಕ ಪಕ್ಷಿಗಳು ಕಾಲಲ್ಲಿ ಬಿಳಿಯ ಪ್ರಾಣಿಗಳನ್ನು ಹಿಡಿದು ಮನುಷ್ಯಮುಖದ ಸೂರ್ಯನ ಕಡೆಗೆ ಹಾರುತ್ತಿವೆ. ಧಾರ್ಮಿಕ ಕಟ್ಟಡದ ಮೇಲೆ ಜೀವಿಗಳ ಚಿತ್ರವಿರಬಾರದೆಂಬ ಸಾಮಾನ್ಯ ನಿಯಮವನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಗಳು ಈ ಅಪವಾದವನ್ನೂ ಬರೆದಿಟ್ಟುಕೊಳ್ಳಲಿ.

ಆ ಕೊಳವೇ ಲ್ಯಾಬಿ ಹೌಜ್. ಬುಖಾರಾದಲ್ಲಿ ಇಂಥ ಹೌಜ್‌ಗಳು ಹಲವು ಹತ್ತು ಇದ್ದವು. ಕಾಲುವೆಯ ನೀರು ಸರದಿಯಂತೆ ಇವುಗಳಿಗೆ ಹರಿಯುತ್ತಿತ್ತು, ತೊಗಲಿನ ಚೀಲ ಹೊತ್ತ ನೀರಿನವರು ಅಲ್ಲಿಂದ ಮನೆಮನೆಗೆ ಒಯ್ಯುತ್ತಿದ್ದರು. ನಿಂತ ನೀರಿಗೆ ಜನ ಮೆಟ್ಟಿಲಿಳಿದು ಕಾಲಿಡುತ್ತಿದ್ದುದರಿಂದ ನಾರುಹುಳುವಿನ ಕಾಯಿಲೆ ಊರಿಗೆ ಅಂಟಿಕೊಂಡಿತ್ತು. ಕಾಲಿನಿಂದ ಉದ್ದನೆಯ ಹುಳುವನ್ನು ತುಂಡಾಗದಂತೆ ಸುತ್ತಿ ಹೊರತೆಗೆಯುವುದನ್ನು ಜೆಂಕಿನ್ಸನ್ ಕೂಡ ಬರೆದಿದ್ದಾನೆ. ಉತ್ತರ ಕರ್ನಾಟಕದ ಮೆಟ್ಟಿಲುಬಾವಿಗಳ ಹಳ್ಳಿಗಳೂ ಇದೇ ಕಾಯಿಲೆಯನ್ನು ಬಹಳ ಕಾಲ ಅನುಭವಿಸಿದವು. 1920ರ ದಶಕದಲ್ಲಿ ವೈದ್ಯ ಇಸಾಯೆವ್‌ನ ನೇತೃತ್ವದಲ್ಲಿ ಕೊಳಗಳನ್ನು ಬರಿದುಮಾಡಿ, ರೋಗಿಗಳಿಗೆ ಚಿಕಿತ್ಸೆ ನೀಡಿ, 1930ರ ದಶಕದ ಆರಂಭದ ವೇಳೆಗೆ ಬುಖಾರಾದಿಂದ ಅದನ್ನು ತೊಲಗಿಸಲಾಯಿತು. ಅರ್ಕ್ ಎದುರಿನ ಉಕ್ಕಿನ ಜಾಲರಿಯ ನೀರಿನ ಗೋಪುರ, ಎಂಜಿನಿಯರ್ ಶೂಖೊವ್‌ನ ವಿನ್ಯಾಸದ್ದು, ನಲ್ಲಿ ನೀರಿಗೆ ಊರು ಬದಲಾದ ಆ ಕಾಲದ ಗುರುತು. ಪ್ರವಾಸಿಗರು ಅದನ್ನು ಕಣ್ಣಿಗೆ ಅಡ್ಡವೆಂದು ಗೊಣಗುತ್ತಾರೆ. ನನಗದು ಅದರ ಸುತ್ತಲಿನ ಎಷ್ಟೋ ಕಟ್ಟಡಗಳಷ್ಟೇ ಮುಖ್ಯವಾದ ಸ್ಮಾರಕ.

ಈಗ ಕಾಣುವುದನ್ನು ಹೇಗೆ ಓದಬೇಕು

1868ರಲ್ಲಿ ಬುಖಾರಾದ ಅಮೀರ ರಷ್ಯಾದ ಅಧೀನಕ್ಕೆ ಬಂದ. 1888ರಲ್ಲಿ ಕ್ಯಾಸ್ಪಿಯನ್ ಕಡೆಯಿಂದ ಬಂದ ರೈಲು ಮಾರ್ಗ ಹಳೆಯ ಊರನ್ನು ಮುಟ್ಟದೆ ಸುಮಾರು 12 ಕಿಲೋಮೀಟರ್ ದೂರದ ಕಾಗಾನ್‌ನಲ್ಲಿ ಹಾದುಹೋಯಿತು. ಹತ್ತಿಯ ಸಗಟು ವ್ಯವಹಾರ, ಬ್ಯಾಂಕು, ಗೋದಾಮುಗಳೆಲ್ಲ ನಿಲ್ದಾಣದ ಸುತ್ತ ಬೆಳೆದ ಹೊಸ ಬುಖಾರಾಕ್ಕೆ ಸರಿದವು; ಗುಮ್ಮಟಗಳಡಿ ಚಿಲ್ಲರೆ ವ್ಯಾಪಾರ ಉಳಿಯಿತು. ಊರಿನ ಹಳೆಯ ನಕ್ಷೆ ಅಷ್ಟೊಂದು ಉಳಿದುಕೊಂಡದ್ದಕ್ಕೆ ಈ ಹಿನ್ನಡೆಯೂ ಒಂದು ಕಾರಣ. 1920ರಲ್ಲಿ ಕೆಂಪು ಸೇನೆ ನಡೆಸಿದ ಫಿರಂಗಿ ದಾಳಿಯಲ್ಲಿ ಅರ್ಕ್ ಬಹುಭಾಗ ಸುಟ್ಟುಹೋಯಿತು, ಕಲ್ಯಾಣ್ ಮಿನಾರಿಗೂ ಗುಂಡು ತಗುಲಿತು. 1976ರ ಗಜ್ಲಿ ಭೂಕಂಪಗಳು ಇನ್ನಷ್ಟು ಹಾನಿ ಮಾಡಿದವು. 1993ರಲ್ಲಿ ಹಳೆಯ ಪಟ್ಟಣ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹತ್ತಿ ನೀರಾವರಿಯಿಂದ ಮೇಲೇರಿದ ಉಪ್ಪಿನ ಅಂತರ್ಜಲ ಇಟ್ಟಿಗೆ ಗೋಡೆಗಳ ಬುಡವನ್ನು ಪುಡಿಗುಟ್ಟಿಸುತ್ತಿರುವುದು ಇಂದಿನ ದೊಡ್ಡ ತೊಂದರೆ. ಹಳೆಯ ಚಿತ್ರಗಳಲ್ಲಿ ಗೋಡೆಯ ಕೆಳಭಾಗದ ಬಿಳಿಯ ಕಲೆಗಳನ್ನು ಗಮನಿಸಿದರೆ ಇದು ತಿಳಿಯುತ್ತದೆ.

ಚಿತ್ರಗಳನ್ನು ನೋಡಿ ಬರೆಯುವವರಿಗೆ ಒಂದು ಎಚ್ಚರಿಕೆ. ಇಂದು ತೋಕ್‌ಗಳು ಸುತ್ತಲೂ ಬಯಲಿರುವ ಒಂಟಿ ಸ್ಮಾರಕಗಳಂತೆ ಕಾಣುತ್ತವೆ, ಏಕೆಂದರೆ 20ನೆಯ ಶತಮಾನದಲ್ಲಿ ಅವುಗಳಿಗೆ ಅಂಟಿಕೊಂಡಿದ್ದ ಅಂಗಡಿ ಸಾಲುಗಳನ್ನೂ ಮರ ಮತ್ತು ಚಾಪೆಯ ಚಾವಣಿಯಿದ್ದ ಬೀದಿಗಳನ್ನೂ ಕೆಡವಿ ತೆರವು ಮಾಡಲಾಯಿತು. ಕಟ್ಟಿದ ಕಾಲದಲ್ಲಿ ಆ ಹೊರಗೋಡೆಗಳಲ್ಲಿ ಬಹುಪಾಲು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಾಣುತ್ತಿದ್ದದ್ದು ಸೂರುಗಳ ಮೇಲೆ ಎದ್ದ ಗುಮ್ಮಟದ ಬೆನ್ನು ಮತ್ತು ಬೀದಿಯ ಕೊನೆಯಲ್ಲಿ ತೆರೆದುಕೊಳ್ಳುವ ಕಮಾನು ಮಾತ್ರ. ಹೊರಗೋಡೆಗಳಿಗೆ ಹೆಂಚಿನ ಅಲಂಕಾರವಿಲ್ಲದಿರುವುದಕ್ಕೆ ಬಡತನವನ್ನಾಗಲಿ ಕಾಲದ ಸವೆತವನ್ನಾಗಲಿ ಕಾರಣವಾಗಿ ಬರೆದರೆ ಉತ್ತರ ತಪ್ಪಾಗುತ್ತದೆ. ತೋಕ್‌ನ ನಕ್ಷೆ ಬಿಡಿಸುವಾಗಲೂ ನಡುವಿನ ಗುಮ್ಮಟದಿಂದ ಪ್ರಾರಂಭಿಸದೆ, ಮೊದಲು ಬಂದು ಸೇರುವ ಬೀದಿಗಳನ್ನು ಅವುಗಳ ನಿಜವಾದ ಕೋನದಲ್ಲಿ ಎಳೆದು, ಆಮೇಲೆ ಕಂಬಗಳನ್ನು ಇಡುವುದು ಸರಿಯಾದ ಕ್ರಮ.